ಏಳನೆಯ ಮನೆಯ ಮಂಗಳ

ಶ್ರೀರಾಮನಿಗೆ ಕುಜದೋಷವಿತ್ತು. ತೊರವಿಯಲ್ಲಿ ನಿಂತು ಈ ಮಾತು ಆಡಲು ತುಸು ಎದೆಗಾರಿಕೆ ಬೇಕು. ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ಪಶ್ಚಿಮಕ್ಕೆ ಐದಾರು ಕಿಲೋಮೀಟರ್ ಹೋದರೆ ಸಿಗುವ ಈ ಊರಿನ ನರಸಿಂಹನಿಗೇ ತನ್ನ ಕಾವ್ಯವನ್ನು ಒಪ್ಪಿಸಿ ನರಹರಿ ಎಂಬ ಕವಿ 1500ರ ಸುಮಾರಿಗೆ ಭಾಮಿನಿ ಷಟ್ಪದಿಯಲ್ಲಿ ರಾಮಾಯಣ ಬರೆದ. ಕುಮಾರ ವಾಲ್ಮೀಕಿ ಎಂದು ಹೆಸರಾದ. ಕಾವ್ಯಕ್ಕೆ ಊರಿನ ಹೆಸರೇ ನಿಂತು ಅದು ‘ತೊರವೆ ರಾಮಾಯಣ’ವಾಯಿತು. ಇಂಥ ಊರಿನಲ್ಲಿ ರಾಮನ ಜಾತಕಕ್ಕೆ ದೋಷ ಹಚ್ಚುವುದೆಂದರೆ ಹೇಗೆ? ಆದರೆ ಹಚ್ಚುವವರು ನಾಸ್ತಿಕರಲ್ಲ, ಪಂಚಾಂಗ ಬಿಚ್ಚಿ ಕೂತ ಜ್ಯೋತಿಷಿಗಳೇ.

ಮೂಲ ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ, ಸಾಮಾನ್ಯವಾಗಿ ಸಿಗುವ ಪಾಠದ 18ನೆಯ ಸರ್ಗದಲ್ಲಿ, ರಾಮ ಹುಟ್ಟಿದ ಗಳಿಗೆಯ ವಿವರ ಇದೆ. ಚೈತ್ರ ಮಾಸ, ನವಮಿ, ಪುನರ್ವಸು ನಕ್ಷತ್ರ, ಕರ್ಕಾಟಕ ಲಗ್ನ. ಲಗ್ನದಲ್ಲಿ ಗುರು ಮತ್ತು ಚಂದ್ರ. ಐದು ಗ್ರಹಗಳು ಉಚ್ಚದಲ್ಲಿ, ಅಂದರೆ ತಮ್ಮ ಬಲ ಹೆಚ್ಚುವ ರಾಶಿಯಲ್ಲಿ. ಆ ಐದು ಯಾವುವೆಂದು ಶ್ಲೋಕ ಹೆಸರಿಸುವುದಿಲ್ಲ. ರವಿ, ಕುಜ, ಗುರು, ಶುಕ್ರ, ಶನಿ ಎಂದು ಪರಂಪರೆ ತುಂಬಿಕೊಂಡಿದೆ. ಕುಜನ ಉಚ್ಚರಾಶಿ ಮಕರ. ಕರ್ಕಾಟಕದಿಂದ ಎಣಿಸಿದರೆ ಮಕರ ಏಳನೆಯದು. ಏಳನೆಯದು ಕಳತ್ರಸ್ಥಾನ, ಹೆಂಡತಿಯ ಮನೆ. ‘ಏಳನೇ ಮನ್ಯಾಗ ಮಂಗಳ ಕುಂತಾನ’ ಎಂದು ಈ ಸೀಮೆಯಲ್ಲಿ ದನಿ ತಗ್ಗಿಸಿ ಹೇಳುವ ಸ್ಥಿತಿ ಇದೇ.

ಇಲ್ಲಿ ‘ಮನೆ’ ಎಂದರೇನು, ಅದರಲ್ಲಿ ಗ್ರಹ ‘ಕೂರುವುದು’ ಎಂದರೇನು ಎಂಬುದನ್ನು ಮೊದಲು ಬಿಡಿಸಬೇಕು. ಮಗು ಹುಟ್ಟಿದ ಹೊತ್ತಿಗೆ ಮೂಡಣದ ಅಂಚಿನಲ್ಲಿ ಯಾವ ರಾಶಿ ಏಳುತ್ತಿರುತ್ತದೋ ಅದು ಲಗ್ನ, ಒಂದನೆಯ ಮನೆ. ಅಲ್ಲಿಂದ ಹನ್ನೆರಡು ಮನೆಗಳು. ಮೈ, ಹಣ ಮತ್ತು ಮಾತು, ಒಡಹುಟ್ಟಿದವರು, ತಾಯಿ ಮತ್ತು ಮನೆಯ ಸುಖ, ಮಕ್ಕಳು, ಹಗೆ-ಸಾಲ-ರೋಗ, ಬಾಳಸಂಗಾತಿ, ಆಯುಷ್ಯ, ಭಾಗ್ಯ, ಉದ್ಯೋಗ, ಲಾಭ, ವ್ಯಯ. ಮನುಷ್ಯನಿಗೆ ನಿದ್ದೆಗೆಡಿಸುವ ಸಂಗತಿ ಇವಿಷ್ಟರ ಹೊರಗೆ ಯಾವುದಾದರೂ ಉಳಿದಿದೆಯೇ ಎಂದು ಹುಡುಕಿ ನೋಡಬಹುದು, ಸಿಗುವುದು ಕಷ್ಟ.

ಮನೆಯ ಜತೆಗೆ ಗ್ರಹಕ್ಕೂ ತನ್ನದೇ ಖಾತೆಗಳಿವೆ. ಅದನ್ನು ಕಾರಕತ್ವ ಎನ್ನುತ್ತಾರೆ. ರವಿ ತಂದೆಗೆ, ಅಧಿಕಾರಕ್ಕೆ. ಚಂದ್ರ ತಾಯಿಗೆ, ಮನಸ್ಸಿಗೆ. ಕುಜ ಒಡಹುಟ್ಟಿದವರಿಗೆ, ಭೂಮಿಗೆ, ರಕ್ತಕ್ಕೆ. ಬುಧ ವಿದ್ಯೆ-ವ್ಯಾಪಾರಕ್ಕೆ, ಗುರು ಮಕ್ಕಳಿಗೆ ಮತ್ತು ಜ್ಞಾನಕ್ಕೆ. ಶುಕ್ರ ಹೆಂಡತಿಗೆ, ವಾಹನಕ್ಕೆ, ಸಂಗೀತಕ್ಕೆ. ಶನಿ ಆಯುಷ್ಯಕ್ಕೆ, ದುಃಖಕ್ಕೆ, ಕಬ್ಬಿಣ-ಎಣ್ಣೆಗೆ, ದುಡಿಯುವ ಜನಕ್ಕೆ. ರಾಹು-ಕೇತು ಮೈಯಿಲ್ಲದವರು. ಚಂದ್ರನ ದಾರಿ ಸೂರ್ಯನ ದಾರಿಯನ್ನು ಕತ್ತರಿಸುವ ಎರಡು ಬಿಂದುಗಳಷ್ಟೇ. ಆದರೂ ಅವರ ಪಾಲಿಗೆ ಅಜ್ಜಂದಿರು, ಪರದೇಶ, ಮೋಕ್ಷ ಎಲ್ಲ ಬಂದಿವೆ.

ತಿಕೋಟಾ-ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಇದನ್ನು ತಿಳಿಸುವುದು ಸುಲಭ. ಮನೆ ಎಂದರೆ ಹೊಲ. ಆ ರಾಶಿಯ ಅಧಿಪತಿ ಎಂದರೆ ಉತಾರದಲ್ಲಿ ಹೆಸರಿರುವವ. ಅಲ್ಲಿ ಕೂತ ಗ್ರಹ ಲಾವಣಿಗೆ ಹಾಕಿಕೊಂಡು ಉಳುವವ. ಕಾರಕ ಎಂದರೆ ಮಳೆ. ಅದಕ್ಕೆ ಉತಾರವಿಲ್ಲ, ಎಲ್ಲರ ಹೊಲಕ್ಕೂ ಬೇಕು. ಒಬ್ಬನ ಮದುವೆಯ ವಿಚಾರ ಹೇಳಬೇಕಾದರೆ ಏಳನೆಯ ಮನೆ, ಅದರ ಒಡೆಯ, ಅಲ್ಲಿ ಕೂತವರು, ಮೇಲಾಗಿ ಶುಕ್ರ, ಇಷ್ಟನ್ನೂ ನೋಡಬೇಕು. ಬೆಂಗಳೂರಿನ ಬಿ.ವಿ. ರಾಮನ್ (1912–1998) ಜಾತಕ ಓದುವುದು ಹೇಗೆಂದು ಇಂಗ್ಲಿಷಿನಲ್ಲಿ ಎರಡು ಸಂಪುಟ ಬರೆದರು. ಮೊದಲನೆಯದು ಒಂದರಿಂದ ಆರನೆಯ ಮನೆವರೆಗೆ, ಎರಡನೆಯದು ಏಳರಿಂದ ಹನ್ನೆರಡರವರೆಗೆ. ಪ್ರತಿ ಮನೆಗೂ ಇದೇ ತಪಾಸಣೆ. ಇಷ್ಟೆಲ್ಲ ತಪಾಸಿಸುವಾಗ ಒಂದಕ್ಕೊಂದು ತದ್ವಿರುದ್ಧ ಹೇಳುವ ಸಾಕ್ಷಿಗಳು ಸಿಕ್ಕೇ ಸಿಗುತ್ತವೆ. ಕಾರಕನೇ ತನ್ನ ಭಾವದಲ್ಲಿ, ಅಂದರೆ ತನ್ನ ಖಾತೆಯ ಮನೆಯಲ್ಲಿ, ಕೂತರೆ ಆ ಭಾವ ಕೆಡುತ್ತದೆ ಎಂಬ ಸೂತ್ರವೂ ಉಂಟು. ಮಳೆ ಒಂದೇ ಹೊಲದ ಮೇಲೆ ಕೂತುಬಿಟ್ಟರೆ ದ್ರಾಕ್ಷಿಗೆ ಏನಾಗುತ್ತದೆಂದು ತಿಕೋಟಾದವರಿಗೆ ಹೇಳಬೇಕಿಲ್ಲ.

ಈಗ ರಾಮನ ಕುಂಡಲಿಗೆ ಮರಳಬಹುದು. ಲಗ್ನದಲ್ಲಿ ಉಚ್ಚದ ಗುರು, ಸ್ವಂತ ರಾಶಿಯ ಚಂದ್ರ. ಸತ್ಯ, ಸೌಮ್ಯತೆ, ನೋಡಿದವರ ಕಣ್ಣು ತಣಿಸುವ ರೂಪ ಎಲ್ಲ ಬಂತು. ಹತ್ತನೆಯ ಮೇಷದಲ್ಲಿ ರವಿ, ರಾಜ್ಯ ಮತ್ತು ಕೀರ್ತಿ. ನಾಲ್ಕನೆಯ ತುಲಾದಲ್ಲಿ ಶನಿ. ನಾಲ್ಕು ಎಂದರೆ ತಾಯಿ, ತನ್ನ ಮನೆಯ ಸುಖ. ಅಲ್ಲಿ ಶನಿ ಕೂತರೆ ಹದಿನಾಲ್ಕು ವರ್ಷ ಹುಲ್ಲಿನ ಹಾಸಿಗೆ. ಅಲ್ಲಿಂದ ಶನಿಯ ಏಳನೆಯ ದೃಷ್ಟಿ ನೇರ ಹತ್ತರ ರವಿಯ ಮೇಲೆ ಬೀಳುತ್ತದೆ. ರವಿ ಪಿತೃಕಾರಕ, ಮಗನಿಗೆ ಪಟ್ಟ ಕಟ್ಟಹೊರಟ ಹೊತ್ತಿಗೇ ದಶರಥನ ಎದೆ ಒಡೆಯಿತು. ಏಳರ ಕುಜ ಸೀತೆಯನ್ನು ಅಗಲಿಸಿದ. ಆದರೆ ಕುಜ ಉಚ್ಚ, ಗುರುವಿನ ದೃಷ್ಟಿಯೂ ಇದೆ, ಆದ್ದರಿಂದ ಆಕೆಯ ಮಾನಕ್ಕೆ ಕುಂದಿಲ್ಲ, ಯುದ್ಧದಲ್ಲಿ ಗೆಲುವೂ ಉಂಟು. ಗುರುವಿನ ಇನ್ನೊಂದು ದೃಷ್ಟಿ ಐದರ ಮೇಲೆ, ಅಲ್ಲಿಂದ ಲವ-ಕುಶರು.

ಕೇಳುವಾಗ ಮೈ ಜುಮ್ಮೆನ್ನುತ್ತದೆ, ಒಂದು ಮಹಾಕಾವ್ಯದ ಕಥೆಯೆಲ್ಲ ಹನ್ನೆರಡು ಚೌಕದಲ್ಲಿ ಮಡಚಿ ಕೂತಂತೆ. ಆದರೆ ಒಂದು ಸಣ್ಣ ಲೆಕ್ಕ ಮಾಡಿದರೆ ಚೌಕ ಬಿಚ್ಚಿಕೊಳ್ಳುತ್ತದೆ.

ಪುನರ್ವಸು ನಕ್ಷತ್ರ ಮೇಷಾದಿಯಿಂದ 80 ಅಂಶಕ್ಕೆ ಶುರುವಾಗಿ 93 ಅಂಶ 20 ಕಲೆಗೆ ಮುಗಿಯುತ್ತದೆ. ಚಂದ್ರ ಆ ನಕ್ಷತ್ರದಲ್ಲೂ ಇರಬೇಕು, ಕರ್ಕಾಟಕದಲ್ಲೂ ಇರಬೇಕು ಎಂದರೆ ಅವನಿಗೆ ಸಿಗುವ ಜಾಗ 90ರಿಂದ 93 ಅಂಶ 20 ಕಲೆವರೆಗಿನ ಒಂದು ಪಾದ ಮಾತ್ರ. ಇನ್ನು ತಿಥಿ. ಒಂದು ತಿಥಿಗೆ 12 ಅಂಶ. ರವಿ-ಚಂದ್ರರ ನಡುವೆ 96 ಅಂಶದ ಅಂತರ ಬಿದ್ದ ಮೇಲೆಯೇ ನವಮಿ. ಹಾಗಾದರೆ ರವಿ ಎಲ್ಲಿರಬೇಕು? ಮೀನದ 27 ಅಂಶ 20 ಕಲೆ ದಾಟುವಂತಿಲ್ಲ. ಅಂದರೆ ಮೇಷಕ್ಕೆ ಅವನಿನ್ನೂ ಕಾಲಿಟ್ಟಿಲ್ಲ, ಉಚ್ಚನಾಗಿಲ್ಲ. ರವಿಯನ್ನು ಬಿಟ್ಟರೆ ಉಚ್ಚಕ್ಕೆ ಉಳಿಯುವುದು ನಾಲ್ಕೇ ಗ್ರಹ. ಚಂದ್ರನ ಉಚ್ಚ ವೃಷಭ, ಅವನು ಕರ್ಕಾಟಕದಲ್ಲಿದ್ದಾನೆ. ಬುಧನ ಉಚ್ಚ ಕನ್ಯಾ, ಸೂರ್ಯನ ಬೆನ್ನು ಬಿಡದ ಬುಧ ಚೈತ್ರದಲ್ಲಿ ಅಷ್ಟು ದೂರ ಹೋಗಲಾರ. ನವಮಿ, ಪುನರ್ವಸು, ಐದು ಉಚ್ಚ, ಈ ಮೂರೂ ಒಂದೇ ಮಧ್ಯಾಹ್ನ ಸೇರುವುದು ಸಾಧ್ಯವಿಲ್ಲ. ಪಂಚಾಂಗ ನೋಡಬಲ್ಲ ಯಾರಾದರೂ ಕಾಗದ-ಪೆನ್ಸಿಲ್ ಹಿಡಿದು ತಾಳೆ ನೋಡಬಹುದಾದ ಲೆಕ್ಕ ಇದು. ಈ ಶ್ಲೋಕಗಳು ಆಮೇಲೆ ಸೇರಿದವು ಎಂದು ವಾದಿಸುವ ವಿದ್ವಾಂಸರಿದ್ದಾರೆ. ಯಾವಾಗ ಸೇರಿದ್ದರೂ ಸರಿ, ಸೇರಿಸಿದವನು ಆಕಾಶ ನೋಡಿ ಬರೆದವನಲ್ಲ. ಕಥೆ ನೋಡಿ ಗ್ರಹಗಳನ್ನು ಕೂರಿಸಿದವನು. ಕಾರಕತ್ವದ ಭಾಷೆ ಅವನಿಗೆ ಚೆನ್ನಾಗಿ ಬರುತ್ತಿತ್ತು.

ಅದೇ ಸರ್ಗದಲ್ಲಿ ಇನ್ನೊಂದು ತೊಡಕಿದೆ. ಲಕ್ಷ್ಮಣ-ಶತ್ರುಘ್ನ ಇಬ್ಬರಿಗೂ ಒಂದೇ ತಾಯಿ, ಆಶ್ಲೇಷಾ ನಕ್ಷತ್ರ, ಕರ್ಕಾಟಕ ಲಗ್ನ. ಒಬ್ಬ ಅಣ್ಣನ ಹಿಂದೆ ಕಾಡಿಗೆ ಹೋದ, ಇನ್ನೊಬ್ಬ ಊರಲ್ಲಿ ಉಳಿದ. ಅವಳಿಗಳ ಪ್ರಶ್ನೆ ಎತ್ತುವ ವಿಚಾರವಾದಿಗಳು ಪರದೇಶದ ಉದಾಹರಣೆ ಹುಡುಕುವ ಮೊದಲು ಸುಮಿತ್ರೆಯ ತೊಟ್ಟಿಲು ನೋಡಬಹುದಿತ್ತು.

ಜ್ಯೋತಿಷಿಗಳಲ್ಲಿ ಇದಕ್ಕೆ ಉತ್ತರವಿಲ್ಲದೆ ಇಲ್ಲ. ಒಂದು ರಾಶಿ ಮೂಡಲು ಸುಮಾರು ಎರಡು ಗಂಟೆ, ಅದರ ಒಂಬತ್ತನೇ ಪಾಲಾದ ನವಾಂಶಕ್ಕೆ ಹದಿಮೂರು ನಿಮಿಷ, ಅರವತ್ತನೇ ಪಾಲಿಗೆ ಎರಡೇ ನಿಮಿಷ. ಹುಟ್ಟಿದ ಹೊತ್ತು ಅಷ್ಟು ಕರಾರುವಾಕ್ಕಾಗಿ ಸಿಕ್ಕರೆ ಅವಳಿಗಳೂ ಬೇರೆಯಾಗುತ್ತಾರೆ ಎನ್ನುತ್ತಾರೆ. ಆ ಹೊತ್ತು ಸಿಗಬೇಕಲ್ಲ! ಗಡಿಯಾರ ಬರುವ ಮೊದಲು ಇದ್ದದ್ದು ಗಳಿಗೆ ಬಟ್ಟಲು. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ಬಿಟ್ಟರೆ ಅದು ಮುಳುಗುವುದಕ್ಕೆ ಒಂದು ಗಳಿಗೆ, 24 ನಿಮಿಷ. 1114ರಲ್ಲಿ ಹುಟ್ಟಿದ ಗಣಿತಜ್ಞ ಭಾಸ್ಕರಾಚಾರ್ಯ ತಮ್ಮ ಊರನ್ನು ಸಹ್ಯಾದ್ರಿಯ ಬಳಿಯ ವಿಜ್ಜಡವಿಡ ಎಂದು ಹೇಳಿಕೊಂಡಿದ್ದಾರೆ. ಅದು ನಮ್ಮದೇ ಎಂದು ವಿಜಯಪುರದವರು, ಅಲ್ಲ ಚಾಳೀಸಗಾಂವ್ ಬಳಿಯ ಪಾಟಣ ಎಂದು ಮಹಾರಾಷ್ಟ್ರದವರು. ಅವರ ಮಗಳು ಲೀಲಾವತಿಯ ಮುಹೂರ್ತಕ್ಕೆ ಇಟ್ಟ ಬಟ್ಟಲಿನೊಳಗೆ ಆಕೆಯ ಒಡವೆಯ ಮುತ್ತೊಂದು ಬಿದ್ದು ತೂತು ಕಟ್ಟಿಕೊಂಡಿತು, ಗಳಿಗೆ ತಪ್ಪಿತು, ಮದುವೆ ಮುರಿಯಿತು ಎಂಬ ಕಥೆಯನ್ನು ಎಲ್ಲರೂ ಕೇಳಿದ್ದಾರೆ. ಆ ಕಥೆ ಸಿಗುವುದು ಭಾಸ್ಕರರಲ್ಲಲ್ಲ, ಅಕ್ಬರನ ಆಸ್ಥಾನದ ಫೈಜಿ 1587ರಲ್ಲಿ ಮಾಡಿದ ಪಾರಸಿ ಅನುವಾದದಲ್ಲಿ. ದಂತಕಥೆಯೇ ಇರಲಿ, ಜನ ಯಾವುದಕ್ಕೆ ಅಂಜುತ್ತಿದ್ದರು ಎಂಬುದನ್ನು ಅದು ಸರಿಯಾಗಿ ಹಿಡಿದಿದೆ. ಈ ಸೀಮೆಯಲ್ಲಿ ಮದುವೆಗೇ ‘ಲಗ್ನ’ ಎನ್ನುತ್ತಾರೆ. ‘ಮಗಳ ಲಗ್ನ ಆತೇನ್ರೀ?’ ಎಂದು ಕೇಳುವಾಗ ಮೂಡಣದಲ್ಲಿ ಏಳುವ ರಾಶಿಯ ನೆನಪು ಯಾರಿಗೂ ಇರುವುದಿಲ್ಲ.

ಮನೆಗಳ ಈ ಪದ್ಧತಿಗೆ ‘ವೇದದ ಜ್ಯೋತಿಷ’ ಎಂಬ ಹೆಸರು ಈಗ ಚಾಲ್ತಿಯಲ್ಲಿದೆ. ವೇದಾಂಗ ಜ್ಯೋತಿಷದಲ್ಲಿ ಇರುವುದು ಯಜ್ಞಕ್ಕೆ ಹೊತ್ತು ಗೊತ್ತುಮಾಡುವ ಲೆಕ್ಕ; ಹನ್ನೆರಡು ರಾಶಿಯೂ ಇಲ್ಲ, ಕುಂಡಲಿಯೂ ಇಲ್ಲ. ಕುಂಡಲಿ ಬಂದದ್ದು ಯವನರ ಸಂಪರ್ಕದಿಂದ. ಆರನೆಯ ಶತಮಾನದ ವರಾಹಮಿಹಿರ ಅದನ್ನು ಮುಚ್ಚಿಡಲೂ ಇಲ್ಲ. ಅವನ ಬೃಹಜ್ಜಾತಕದಲ್ಲಿ ಹೋರಾ, ಕೇಂದ್ರ, ದ್ರೇಕ್ಕಾಣ, ಪಣಫರ ಎಂಬ ಗ್ರೀಕ್ ಮೂಲದ ಪದಗಳು ಧಾರಾಳವಾಗಿವೆ. ಅವುಗಳಲ್ಲಿ ಚೆಂದದ್ದು ‘ಜಾಮಿತ್ರ’. ಮುಹೂರ್ತ ನೋಡುವವರು ಜಾಮಿತ್ರಶುದ್ಧಿ ಎಂದು ಗಂಭೀರವಾಗಿ ಹೇಳುವ ಆ ಏಳನೆಯ ಮನೆಯ ಹೆಸರು ಗ್ರೀಕರ ‘ದಿಯಾಮೆತ್ರೋಸ್’, ಅಂದರೆ ವ್ಯಾಸ. ಲಗ್ನಕ್ಕೆ ನೇರ ಎದುರಿಗಿರುವ ಜಾಗ ಎಂದಷ್ಟೇ ಅರ್ಥ. ಗಂಡನಿಗೆ ಹೆಂಡತಿ ಸದಾ ಎದುರೇ ಎಂದು ನಗೆಯಾಡುವವರಿಗೆ ಇದು ಹೊಸ ಸರಕು.

ಕನ್ನಡಕ್ಕೆ ಈ ವಿದ್ಯೆ ಬೇಗನೇ ಬಂತು. ನರಗುಂದದ ಶ್ರೀಧರಾಚಾರ್ಯ 1049ರಲ್ಲಿ, ಚಾಳುಕ್ಯ ಆಹವಮಲ್ಲನ ಕಾಲದಲ್ಲಿ, ‘ಜಾತಕತಿಲಕ’ ಬರೆದ. ಕನ್ನಡದ ಮೊದಲ ಜ್ಯೋತಿಷ ಗ್ರಂಥ ಅದು. ಒಂದು ಶತಮಾನ ಕಳೆಯುವಷ್ಟರಲ್ಲಿ ಇದೇ ನಾಡಿನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣ, ನಮ್ಮವರು ಕೇಳಿದಾಗಲೆಲ್ಲ ಶುಭಗಳಿಗೆಯೇ ಎನ್ನುವ ವಚನ ಹೇಳಿ ಮುಹೂರ್ತದ ಕಟ್ಟು ಸಡಿಲಿಸಿದ್ದೂ ಉಂಟು. ವಚನ ಬಾಯಿಪಾಠ ಇರುವ ಮನೆಗಳಲ್ಲೂ ಕುಂಡಲಿ ಕೂಡಿಸಿಯೇ ಲಗ್ನ ನಡೆಯುತ್ತದೆ, ಆ ಮಾತು ಬೇರೆ.

ವಿಜಯಪುರದ ಕಥೆ ನಿಜಕ್ಕೂ ಕುತೂಹಲ ಹುಟ್ಟಿಸುವುದು ಆದಿಲ್‌ಶಾಹಿಯಲ್ಲಿ. 1570ರಲ್ಲಿ, ಒಂದನೆಯ ಅಲಿ ಆದಿಲ್‌ಶಾಹನ ಆಳ್ವಿಕೆಯಲ್ಲಿ, ಇಲ್ಲಿ ಪಾರಸಿಯ ಒಂದು ಬೃಹತ್ ಜ್ಯೋತಿಷ ಕೋಶ ಸಿದ್ಧವಾಯಿತು. ಹೆಸರು ‘ನುಜೂಮ್ ಅಲ್-ಉಲೂಮ್’. ನೂರಾರು ಬಣ್ಣದ ಚಿತ್ರಗಳಿರುವ ಅದರ ಹಸ್ತಪ್ರತಿ ಈಗ ಐರ್ಲೆಂಡಿನ ಡಬ್ಲಿನ್‌ನಲ್ಲಿ, ಚೆಸ್ಟರ್ ಬೀಟಿ ಸಂಗ್ರಹದಲ್ಲಿದೆ. ಬರೆದವನು ಸುಲ್ತಾನನೇ ಎಂದು ಇತಿಹಾಸಕಾರ್ತಿ ಎಮ್ಮಾ ಫ್ಲಾಟ್ 2011ರಲ್ಲಿ ವಾದಿಸಿದರು. ಅದರಲ್ಲಿ ಗ್ರಹಗಳಿವೆ, ರಾಶಿಚಕ್ರದ ಒಂದೊಂದು ಅಂಶಕ್ಕೂ ಒಂದೊಂದು ಮೂರ್ತಿ ಇದೆ, ‘ರೂಹಾನಿ’ ಎಂಬ ಶಕ್ತಿದೇವತೆಯರಿದ್ದಾರೆ, ಆಯುಧಗಳ ವಿಚಾರವಿದೆ. ಅರಬ್ಬಿ-ಪಾರಸಿ ವಿದ್ಯೆ ಮತ್ತು ಈ ನೆಲದ ವಿದ್ಯೆ ಒಂದೇ ಹೊತ್ತಗೆಯಲ್ಲಿ ಬೆರೆತಿವೆ. ಬೆರೆಯುವುದೇನೂ ಕಷ್ಟವಿರಲಿಲ್ಲ, ಎರಡೂ ಒಂದೇ ಯವನ ಬುಡದ ಕೊಂಬೆಗಳು. ನಾವು ಮನೆ ಎಂದದ್ದಕ್ಕೆ ಅರಬ್ಬಿಯಲ್ಲಿ ‘ಬೈತ್’, ಪಾರಸಿಯಲ್ಲಿ ‘ಖಾನಾ’. ಮೂರಕ್ಕೂ ಅರ್ಥ ಒಂದೇ. ಶನಿ ಅಲ್ಲಿ ಜುಹಲ್, ಮಂಗಳ ಮಿರ್ರೀಖ್. ಶುಕ್ರ ಮಾತ್ರ ಗಂಡಾಗಿ ಉಳಿಯುವುದಿಲ್ಲ. ನಮ್ಮಲ್ಲಿ ದೈತ್ಯರ ಗುರುವಾಗಿ ಗಡ್ಡ ಬಿಟ್ಟ ಶುಕ್ರಾಚಾರ್ಯ ಪಾರಸಿಯಲ್ಲಿ ವಾದ್ಯ ನುಡಿಸುವ ‘ಜುಹ್ರಾ’. ಖಾತೆ ಮಾತ್ರ ಎರಡೂ ಕಡೆ ಅದೇ, ಸಂಗೀತ ಮತ್ತು ಪ್ರೇಮ.

ಅಲಿಯ ನಂತರ ಪಟ್ಟಕ್ಕೆ ಬಂದ ಎರಡನೆಯ ಇಬ್ರಾಹಿಂ (1580–1627) ಜುಹ್ರಾಳ ಒಕ್ಕಲೇ ಸರಿ. ಸರಸ್ವತಿ-ಗಣಪತಿಯರನ್ನು ಹಾಡಿ ‘ಕಿತಾಬ್-ಎ-ನವರಸ್’ ಬರೆದ, ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟ. ಒಂಬತ್ತು ರಸದ ‘ನವರಸ’ ಶಬ್ದ ಅವನಿಗೆ ಹುಚ್ಚು ಹಿಡಿಸಿತ್ತು. 1599ರಲ್ಲಿ ತೊರವಿಯ ಬಯಲಿನಲ್ಲಿ ಹೊಸ ರಾಜಧಾನಿಗೆ ಕೈ ಹಚ್ಚಿದ, ಹೆಸರು ನವರಸಪುರ. ಇಪ್ಪತ್ತು ಸಾವಿರ ಕೆಲಸಗಾರರನ್ನು ಹಚ್ಚಿದ್ದ ಎಂಬ ಹೇಳಿಕೆಯಿದೆ. ಇಂದು ಅಲ್ಲಿ ಉಳಿದಿರುವುದು ಸಂಗೀತ ಮಹಲು, ನಾರಿ ಮಹಲುಗಳ ಎತ್ತರದ ಕಮಾನುಗಳು ಮತ್ತು ಅಲ್ಲಲ್ಲಿ ಮುರಿದ ಕೋಟೆಗೋಡೆ.

ಊರು ಯಾಕೆ ಮುಗಿಯಲಿಲ್ಲ? ರಾಜಧಾನಿ ಕದಲಿಸಿದರೆ ಕೇಡು ಎಂದು ಜ್ಯೋತಿಷಿಗಳು ಹೇಳಿದರು, ಸುಲ್ತಾನ ಕೈಬಿಟ್ಟ ಎಂಬ ಮಾತು ಹಳೆಯ ವಿವರಣೆಗಳಲ್ಲಿ ಬರುತ್ತದೆ. 1624ರಲ್ಲಿ ಅಹ್ಮದ್‌ನಗರದ ಮಲಿಕ್ ಅಂಬರ್ ನುಗ್ಗಿ ನವರಸಪುರವನ್ನು ಹಾಳುಗೆಡವಿದ. ನೋಡಿ, ಜ್ಯೋತಿಷಿಗಳು ಹೇಳಿದ್ದೇ ಆಯಿತು ಎನ್ನಬಹುದು. ಆದರೆ ರಾಜಧಾನಿಯಾಗಿಯೇ ಉಳಿದ ವಿಜಯಪುರವೂ 1686ರಲ್ಲಿ ಔರಂಗಜೇಬನ ಕೈಗೆ ಹೋಯಿತು. ಕದಲಿಸಿದರೆ ಕೇಡು ಎಂದವರು ಕದಲಿಸದಿದ್ದರೆ ಏನಾಗುತ್ತದೆಂದು ಹೇಳಿರಲಿಲ್ಲ. ನಿಜವಾದ ಕಾರಣ ನೀರೋ, ಖರ್ಚೋ, ಯುದ್ಧವೋ ಎಂದು ಹುಡುಕುವ ಮೊದಲೇ ಜನರ ನಾಲಿಗೆಗೆ ಗ್ರಹದ ಉತ್ತರ ಸಿಕ್ಕಿಬಿಟ್ಟಿತು; ಈಗಲೂ ಆ ಕಮಾನುಗಳ ಕೆಳಗೆ ನಿಂತವರಿಗೆ ಅದೇ ಕಥೆ ರುಚಿಸುತ್ತದೆ.

ಇದೇ ಸೀಮೆಯಲ್ಲಿ ಕುಂಡಲಿಯ ಹಂಗಿಲ್ಲದ ಭವಿಷ್ಯವೂ ಇದೆ. ಬಬಲೇಶ್ವರ ತಾಲ್ಲೂಕಿನ ಬಬಲಾದಿಯ ಸದಾಶಿವ ಮುತ್ಯಾನ ಮಠದ ಕಾಲಜ್ಞಾನವನ್ನು ಕೇಳಲು ಶಿವರಾತ್ರಿ ಜಾತ್ರೆಗೆ ಜನ ಸೇರುತ್ತಾರೆ. ಅಲ್ಲಿ ಮಳೆ, ಬೆಳೆ, ರಾಜಕಾರಣ ಇಡೀ ನಾಡಿನದು. ಕುಂಡಲಿಯ ಹನ್ನೆರಡು ಮನೆ ಒಬ್ಬೊಬ್ಬರ ಸ್ವಂತದ್ದು, ಅದಕ್ಕೇ ಅದರ ಹಿಡಿತ ಬೇರೆ ಬಗೆಯದು.

ಆ ಹಿಡಿತವನ್ನು ಪರೀಕ್ಷೆಗೆ ಒಡ್ಡಿದವರೂ ಇದ್ದಾರೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳ ತನಿಖೆಗೆ ಸಮಿತಿ ರಚಿಸಿ ನಾಡಿನಲ್ಲಿ ದೊಡ್ಡ ಚರ್ಚೆ ಎಬ್ಬಿಸಿದರು. ಜಾತಕಕ್ಕೆ ನೇರ ಪರೀಕ್ಷೆ ಇಟ್ಟದ್ದು ಪುಣೆಯ ಖಗೋಳವಿಜ್ಞಾನಿ ಜಯಂತ ನಾರ್ಳೀಕರ್. ನೂರು ಪ್ರತಿಭಾವಂತ ಮಕ್ಕಳು, ನೂರು ಬುದ್ಧಿಮಾಂದ್ಯ ಮಕ್ಕಳು, ಇವರ ಜಾತಕಗಳನ್ನು ಕಲಸಿ, ಒಬ್ಬೊಬ್ಬ ಜ್ಯೋತಿಷಿಗೆ ನಲವತ್ತು ಕೊಟ್ಟು ಯಾವುದು ಯಾರದ್ದೆಂದು ಬೇರೆ ಮಾಡಲು ಹೇಳಿದರು. ಆಸಕ್ತಿ ತೋರಿದವರು ಐವತ್ತೊಂದು, ಉತ್ತರ ಕಳಿಸಿದವರು ಇಪ್ಪತ್ತೇಳು. ಸರಿಯಾದದ್ದು ನೂರಕ್ಕೆ 46. ನಾಣ್ಯ ಚಿಮ್ಮಿದ್ದರೂ ಐವತ್ತರ ಹತ್ತಿರ ಬರುತ್ತಿತ್ತು. 2009ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಬುಧ, ಗುರು, ಐದನೆಯ ಮನೆ, ಬುದ್ಧಿಗೆ ಹೇಳಿದ ಯಾವ ಸೂತ್ರವೂ ಕಣ್ಣು ಮುಚ್ಚಿ ಓದಿದಾಗ ಕೈಹಿಡಿಯಲಿಲ್ಲ. ಮಗುವಿನ ಮುಖ ಎದುರಿಗಿಲ್ಲದೆ ಕುಂಡಲಿ ಮಾತಾಡುವುದಿಲ್ಲ. ರಾಮನ ಕಥೆ ಗೊತ್ತಿದ್ದವರಿಗೆ ಮಾತ್ರ ರಾಮನ ಜಾತಕ ಮಾತಾಡಿದ ಹಾಗೆ.

ಹಾಗಂತ ಮಾತಾಡುವುದು ನಿಂತಿದೆಯೇ? ಮದುವೆಯ ಸೀಸನ್‌ನಲ್ಲಿ ವಿಜಯಪುರದ ಮೊಬೈಲುಗಳಲ್ಲಿ ಓಡಾಡುವ ಪತ್ರಿಕೆಗಳನ್ನು ನೋಡಬೇಕು. ಗಡಿ ಜಿಲ್ಲೆಯಾದ್ದರಿಂದ ಇಲ್ಲಿ ಎರಡು ಬಗೆಯ ಕುಂಡಲಿ ಕಾಣುತ್ತದೆ. ದಕ್ಷಿಣದ್ದು ಚೌಕ, ಮೇಷ, ವೃಷಭ ತಮ್ಮ ಜಾಗ ಬಿಟ್ಟು ಕದಲುವುದಿಲ್ಲ, ಲಗ್ನವನ್ನು ಗೆರೆ ಎಳೆದು ತೋರಿಸುತ್ತಾರೆ. ನೂರು ಕಿಲೋಮೀಟರ್ ಆಚೆಯ ಸೊಲ್ಲಾಪುರದಲ್ಲಿ, ಹೆಸರಾಂತ ದಾತೆ ಪಂಚಾಂಗ ಅಚ್ಚಾಗುವ ಊರಿನಲ್ಲಿ, ಬಳಸುವುದು ಗಾಳಿಪಟದ ಆಕಾರದ ಮನೆಗಳ ಚಿತ್ರ. ಅಲ್ಲಿ ಮೇಲಿನ ನಡುಮನೆಯೇ ಯಾವಾಗಲೂ ಲಗ್ನ, ರಾಶಿಗಳು ಅಂಕಿಗಳಾಗಿ ಸುತ್ತುತ್ತವೆ. ಒಂದರಲ್ಲಿ ಆಕಾಶ ನಿಂತಿರುತ್ತದೆ, ಇನ್ನೊಂದರಲ್ಲಿ ಬದುಕು ನಿಂತಿರುತ್ತದೆ.

ಎರಡರಲ್ಲೂ ಮೊದಲು ಹುಡುಕುವುದು ಮಂಗಳನನ್ನೇ. ಹನ್ನೆರಡರಲ್ಲಿ ಐದು ಮನೆ ದೋಷದ್ದು. ಅಂದರೆ ನೂರರಲ್ಲಿ ಸುಮಾರು ನಲವತ್ತೆರಡು ಮಂದಿಗೆ ದೋಷ. ಲಗ್ನದಿಂದಷ್ಟೇ ಅಲ್ಲ, ಚಂದ್ರನಿಂದ, ಶುಕ್ರನಿಂದಲೂ ಎಣಿಸಬೇಕು ಎನ್ನುವವರ ಮಾತು ಕೇಳಿದರೆ ಲೆಕ್ಕ ನೂರಕ್ಕೆ ಎಂಬತ್ತರ ಹತ್ತಿರ ಹೋಗುತ್ತದೆ. ಇಷ್ಟು ಜನರನ್ನು ಮದುವೆಯಿಂದ ಹೊರಗಿಡಲು ಯಾವ ಸಮಾಜಕ್ಕೂ ಆಗದು. ಅದಕ್ಕೇ ಪರಿಹಾರಗಳ ಪಟ್ಟಿ ದೋಷದ ಪಟ್ಟಿಗಿಂತ ಉದ್ದವಿದೆ. ಕುಜ ಸ್ವಕ್ಷೇತ್ರದಲ್ಲಿದ್ದರೆ ದೋಷವಿಲ್ಲ, ಉಚ್ಚನಾದರೆ ಇಲ್ಲ, ಗುರು ನೋಡಿದರೆ ಇಲ್ಲ, ಇಬ್ಬರಿಗೂ ಇದ್ದರೆ ಇಲ್ಲ. ರಾಮನ ಕುಜ ಉಚ್ಚನೂ ಹೌದು, ಗುರುವಿನ ಕಣ್ಣಿನಲ್ಲೂ ಇದ್ದಾನೆ. ನಿಯಮದ ಪ್ರಕಾರ ದೋಷ ಪೂರಾ ಮಾಫಿ. ಆದರೂ ಸೀತೆ ಎರಡು ಸಲ ಕಾಡು ಕಂಡಳು.

ದೋಷದ ಐದು ಮನೆ ಯಾವುವು ಎಂಬುದರಲ್ಲೂ ಎರಡು ಕಡೆಯವರಿಗೆ ಒಂದು ಮನೆಯ ತಕರಾರಿದೆ. ನಾಲ್ಕು, ಏಳು, ಎಂಟು, ಹನ್ನೆರಡು ಎಲ್ಲರೂ ಒಪ್ಪಿದವು. ಐದನೆಯದಕ್ಕೆ ಮಹಾರಾಷ್ಟ್ರದವರು ಒಂದನೆಯ ಮನೆ ಹಿಡಿಯುತ್ತಾರೆ, ದಕ್ಷಿಣದವರು ಎರಡನೆಯದನ್ನು. ಮೂಲ ಶ್ಲೋಕ ಒಂದೇ. ಮೊದಲ ಪದ ಒಂದು ಪಾಠದಲ್ಲಿ ‘ಲಗ್ನೇ’ ಎಂದಿದೆ, ಇನ್ನೊಂದರಲ್ಲಿ ‘ಧನೇ’. ಯಾವ ಕಾಲದಲ್ಲಿ ಯಾವ ಲಿಪಿಕಾರನ ಕೈಯಲ್ಲಿ ಅದು ಬದಲಾಯಿತೋ, ಎರಡೂ ಪಾಠಗಳು ತೊರವಿಯಂಥ ಊರಿನಲ್ಲಿ ಎದುರುಬದುರಾಗುತ್ತವೆ. ಒಂದು ಹುಡುಗಿಯ ಮಂಗಳ ಒಂದನೆಯ ಮನೆಯಲ್ಲಿದ್ದಾನೆ ಎಂದಿಟ್ಟುಕೊಳ್ಳಿ. ಸೊಲ್ಲಾಪುರದ ಬೀಗರಾಗಬೇಕಾದವರು ‘ಪತ್ರಿಕಾ ಕೂಡಿಲ್ರೀ’ ಎಂದು ಫೋನಿನಲ್ಲೇ ತಿಳಿಸುತ್ತಾರೆ. ಅದೇ ಫೋಟೊ ಬಾಗಲಕೋಟೆ ಕಡೆಯವರಿಗೆ ಹೋದಾಗ ಅವರು ಎರಡನೆಯ ಮನೆ ನೋಡಿ, ಖಾಲಿಯಿರುವುದನ್ನು ಕಂಡು, ಕನ್ಯಾ ನೋಡಾಕ ಯಾವತ್ತ ಬರೂಣು ಎಂದು ಕೇಳುತ್ತಾರೆ.